ಗದ್ದದ ಮೂರು ಚುಕ್ಕಿ

ನನ್ನ ಕೈಯಲ್ಲಿ ಅಂದವಾದ ಹೆಂಗಸರು ಬಹಳ ಮಂದಿ ಹುಟ್ಟಿದ್ದಾರೆ. ಅಷ್ಟೂ ಮಂದಿಗೆ ಒಂದೇ ಮುಖ. ದಾವಣಗೆರೆಯ ಗಿರಣಿಗಳಲ್ಲಿ ಬಟ್ಟೆಯ ಥಾನಿಗೆ ಅಂಟಿಸುವ ಬಣ್ಣದ ಚೀಟಿಗಳ ಚಿತ್ರ ಬರೆಯುವುದು ನನ್ನ ಕೆಲಸವಾಗಿತ್ತು. ಹಾಲಿನಂಥ ಕೆನ್ನೆ, ಕಿವಿಯವರೆಗೆ ಕಣ್ಣು, ಹಣೆ ತುಂಬ ಕುಂಕುಮ, ಕೈಯಲ್ಲಿ ಕಮಲ, ಹೆಗಲ ಮೇಲೆ ಗಿಣಿ. ಕಮಲವೆಂದರೆ ಲಕ್ಷ್ಮಿ, ಗಿಣಿಯೆಂದರೆ ಸಿಹಿ ಮಾತು, ಕುಂಕುಮವೆಂದರೆ ಶುಭ. ಅಕ್ಷರ ಬಾರದವರಿಗೂ ನನ್ನ ಚಿತ್ರ ಓದಲು ಬರುತ್ತದೆ ಎಂದು ಎದೆ ಉಬ್ಬಿಸಿಕೊಂಡು ಹೇಳುತ್ತಿದ್ದೆ. ಇಪ್ಪತ್ತೈದರ ವಯಸ್ಸು. ಬುದ್ಧಿಗಿಂತ ಕೊಬ್ಬು ಹೆಚ್ಚಿತ್ತು.

ಹರಿಹರದಲ್ಲಿ ನನ್ನ ಸೋದರತ್ತೆ ಇದ್ದಳು. ಅವಳಿಗೆ ಬರುತ್ತಿದ್ದಷ್ಟು ಸೋಬಾನೆ ಪದ ಆ ಬೀದಿಯಲ್ಲಿ ಇನ್ನಾರಿಗೂ ಬರುತ್ತಿರಲಿಲ್ಲ. ಆದರೆ ಚಿಕ್ಕ ವಯಸ್ಸಿಗೇ ಗಂಡ ತೀರಿಹೋಗಿದ್ದ. ಮದುವೆಮನೆಯಲ್ಲಿ ಅವಳಿಗೆ ಹಿತ್ತಲೇ ಗತಿ. ಅಲ್ಲಿ ಕೂತು ಅಕ್ಕಿ ಆರಿಸಬೇಕು. ಒಳಗೆ ಹಾಡುವ ಮುತ್ತೈದೆಯರು ಸಾಲು ಮರೆತಾಗ ಅವಳನ್ನೇ ಕೇಳಲು ಹಿತ್ತಲಿಗೆ ಓಡಿಬರುತ್ತಿದ್ದರು. ಕೇಳಿಕೊಂಡು ಮತ್ತೆ ಒಳಗೆ ಓಡುತ್ತಿದ್ದರು.

ಅರವತ್ತರ ದಶಕದಲ್ಲಿ, ನಮ್ಮ ಊರಿನ ಒಬ್ಬ ರೇಡಿಯೋ ಅಂಗಡಿಯ ಸಾಹುಕಾರರು ಹಾಗೆ ಹಿತ್ತಲಿನಿಂದ ಬಂದ ಅವಳ ದನಿ ಕೇಳಿದರು. ಬೆಂಗಳೂರಿಗೆ ಕರೆದುಕೊಂಡು ಹೋಗಿ ಹಾಡಿಸಿ, ಗ್ರಾಮಫೋನ್ ಪ್ಲೇಟು ಮಾಡಿಸಿದರು. ಕವರಿನ ಚಿತ್ರ ನನ್ನ ಪಾಲಿಗೆ ಬಂತು. ಪ್ಲೇಟಿನ ಸಂಗತಿಯನ್ನೂ ಕವರು ಬರೆಯುವವನು ನಾನೇ ಎಂಬುದನ್ನೂ ಅತ್ತೆ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು. ಯಾರೂ ನಂಬಲಿಲ್ಲ, ಗಂಡ ಸತ್ತವಳ ಸೋಬಾನೆಯನ್ನು ಯಾವ ಕಂಪನಿಯವರು ಪ್ಲೇಟು ಮಾಡುತ್ತಾರೆ ಎಂದು ನಕ್ಕರಂತೆ. ಕವರು ಬರಲಿ, ಅದರ ಮೇಲೆ ನನ್ನ ಮುಖ ಇರುತ್ತದೆ, ಆಗ ನೋಡುವಿರಂತೆ ಎಂದು ಇವಳೂ ಸವಾಲು ಹಾಕಿದ್ದಳು.

ಚಿತ್ರ ಬರೆಸಿಕೊಳ್ಳಲು ಅವಳು ಬೆಳಗಿನ ಗಾಡಿಗೇ ದಾವಣಗೆರೆಗೆ ಬಂದಳು. ನನ್ನ ಬಣ್ಣದ ಡಬ್ಬಿಗಳ ನಡುವೆ ಸೆರಗು ಸರಿಮಾಡಿಕೊಂಡು ಕೂತಳು. ಎಣ್ಣೆಗಪ್ಪು ಮುಖ, ಬೋಳು ಹಣೆ, ಗದ್ದದ ಮೇಲೆ ಹುಡುಗಿಯಾಗಿದ್ದಾಗ ಹಾಕಿಸಿಕೊಂಡ ಹಸಿರು ಹಚ್ಚೆಯ ಮೂರು ಚುಕ್ಕಿ.

“ತಮ್ಮಾ, ಬಣ್ಣ ನೀನು ಹೆಂಗಾರ ಹಚ್ಚು. ಈ ಮೂರು ಚುಕ್ಕಿ ಮಾತ್ರ ಮರೀಬ್ಯಾಡ. ಇವು ಇದ್ರೆ ಸಾಕು, ನಾನೇ ಅಂತ ಎಲ್ಲಾರಿಗೂ ಗೊತ್ತಾಗ್ತೈತೆ” ಅಂದಳು. ಮರೆಯುವುದಿಲ್ಲ ಎಂದು ಅವಳ ಕೈಮುಟ್ಟಿ ಮಾತು ಕೊಟ್ಟೆ.

ಇದ್ದದ್ದು ಇದ್ದಂತೆಯೇ ಬರೆದೆ. ಸಾಹುಕಾರರು ಬಂದು ನೋಡಿ ಚೆನ್ನಾಗಿದೆ ಅಂದರು. ಅವರು ಹೋದ ಮೇಲೆ ಚಿತ್ರವನ್ನು ಗೋಡೆಗೆ ಒರಗಿಸಿ ಕೂತೆ. ಸುತ್ತ ನನ್ನ ಗಿರಣಿ ಚೀಟಿಗಳ ಸುಂದರಿಯರು, ಮಧ್ಯೆ ಅತ್ತೆ. ತಾಯಿಯ ಹಾಗೆ ನನ್ನ ತಲೆಗೆ ಎಣ್ಣೆ ಒತ್ತಿದವಳು ನನ್ನ ಕಣ್ಣಿಗೆ ಕುರೂಪಿಯಾಗಿ ಕಂಡಳು. ಈ ಮಾತು ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ. ಕುಂಚ ಎತ್ತಿಕೊಂಡೆ. ಮುಖ ಬೆಳ್ಳಗಾಯಿತು, ಹಣೆಗೆ ಕುಂಕುಮ ಬಂತು, ಕೈಗೆ ಹಸಿರು ಬಳೆ, ಹೆಗಲಿಗೆ ಗಿಣಿ. ಕೊನೆಗೆ ಆ ಮೂರು ಚುಕ್ಕಿ ಉಳಿದವು. ಬಿಳಿ ಗದ್ದದ ಮೇಲೆ ಅವು ಕೊಳೆಯಂತೆ ಕಂಡವು. ಅವನ್ನೂ ಒರೆಸಿಬಿಟ್ಟೆ. ಸಾಹುಕಾರರೇ ಹಾಗೆ ಮಾಡಿಸಿದರು ಎಂದು ಎಷ್ಟೋ ವರ್ಷ ಹೇಳಿಕೊಂಡು ತಿರುಗಿದೆ. ಶುದ್ಧ ಸುಳ್ಳು. ತಿದ್ದಿದ್ದನ್ನು ತೋರಿಸಿದಾಗ ಆ ಪುಣ್ಯಾತ್ಮರು, “ಯಾಕ, ಮೊದಲಿಂದೇ ಚಲೋ ಇತ್ತಲ್ಲ” ಎಂದಿದ್ದರು.

ಪ್ಲೇಟು ಬಂದ ತಿಂಗಳಲ್ಲೇ ಅತ್ತೆಯ ಬೀದಿಯಲ್ಲಿ ಒಂದು ಮದುವೆ. ನಾನೂ ಹೋಗಿದ್ದೆ. ಅರಿಶಿಣದ ದಿನ ಮೈಕ್ ಸೆಟ್ಟಿನವನು ಅದೇ ಪ್ಲೇಟು ಹಾಕಿದ. ಹೆಂಗಸರು ಕವರನ್ನು ಕೈಯಿಂದ ಕೈಗೆ ದಾಟಿಸಿ, ಸಾಕ್ಷಾತ್ ಲಕ್ಷ್ಮಿ ಇದ್ದಂಗೆ ಇದ್ದಾಳೆ ಎಂದು ದೀಪದ ಪಕ್ಕದಲ್ಲಿ ನಿಲ್ಲಿಸಿದರು. ಮದುಮಗಳಿಗೆ ಹಚ್ಚಿದ ಅರಿಶಿಣವನ್ನೇ ಅದರ ಕೆನ್ನೆಗೂ ಗದ್ದಕ್ಕೂ ಹಚ್ಚಿದರು, ಹಣೆಗೆ ಕುಂಕುಮ ಇಟ್ಟರು. ಅತ್ತೆ ಅಕ್ಕಿಯ ಮೊರ ಹಿಡಿದುಕೊಂಡು ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಕವರನ್ನು ಅವಳು ಮೊದಲ ಸಲ ನೋಡಿದ್ದು ಆಗಲೇ.

ಅದು ನನ್ನದೇ ಪ್ಲೇಟು ಎಂದಳು. ದನಿ ನಿನ್ನಂಗೇ ಐತೆ ಬಿಡು, ಮುಖ ಎಲ್ಲೈತೆ ಎಂದು ಒಬ್ಬಳು ನಕ್ಕಳು. ಹೆಸರು ಕವರಿನ ಹಿಂದೆ ಸಣ್ಣ ಅಕ್ಷರದಲ್ಲಿತ್ತು. ಅಲ್ಲಿದ್ದ ಹೆಂಗಸರಲ್ಲಿ ಯಾರಿಗೂ ಓದು ಬರುತ್ತಿರಲಿಲ್ಲ. ಮದುಮಗಳ ತಾಯಿ ನನ್ನ ಕಡೆ ತಿರುಗಿದಳು.

“ಬರ್ದೋನು ನೀನೇ ಅಲ್ಲೇನಪ್ಪಾ. ಈಕಿ ಯಾರು, ಹೇಳು.”

ನಿಜ ಹೇಳಿದರೆ ವಿಧವೆಗೆ ಕುಂಕುಮ ಇಟ್ಟವನು ಎಂದು ನನ್ನನ್ನು ಉಗಿಯುತ್ತಿದ್ದರು, ಅಪಶಕುನವೆಂದು ಪ್ಲೇಟನ್ನೂ ತೆಗೆಸುತ್ತಿದ್ದರು. ಅತ್ತೆ ನನ್ನನ್ನೇ ನೋಡುತ್ತಿದ್ದಳು. “ಬೆಂಗಳೂರಿನ ಯಾರೋ ಹೆಣ್ಣುಮಗಳು” ಅಂದೆ. ನನ್ನ ನಾಲಿಗೆಗೆ ಬರೆ ಹಾಕಬೇಕಿತ್ತು. ಅತ್ತೆ ಮೊರ ಹಿಡಿದು ಹಿತ್ತಲಿಗೆ ಹೋದಳು. ಚಪ್ಪರದ ಮೇಲಿನ ಮೈಕಿನ ಕೊಳವೆಯಲ್ಲಿ ಅವಳೇ ಹಾಡುತ್ತಿದ್ದಳು.

ಸಂಜೆ ಬೇಡವೆಂದರೂ ನನ್ನನ್ನು ಗಾಡಿ ಹತ್ತಿಸಲು ಸ್ಟೇಷನ್ನಿಗೆ ಬಂದಳು. ದಾರಿಯುದ್ದಕ್ಕೂ ಬೈಗುಳಕ್ಕೆ ಕಾದೆ. ಹೊಟ್ಟೆ ತುಂಬ ಉಂಡೆಯಾ ಎಂದು ಮಾತ್ರ ಕೇಳಿದಳು. ಗಾಡಿಯ ಸದ್ದು ಕೇಳಿಸಿದ ಮೇಲೆ ಗದ್ದ ಮುಟ್ಟಿಕೊಂಡು ಹೇಳಿದಳು:

“ಬೆಳ್ಳಗೆ ಮಾಡಿದ್ದಕ್ಕೆ ನನಗೇನಿಲ್ಲ ತಮ್ಮಾ. ಈ ಚುಕ್ಕಿ ಉಳಿಸಿದ್ರೆ, ಇವತ್ತು ಆ ಅರಿಶಿಣ ನನಗೇ ಹಚ್ಚಿದಂಗೆ ಆಗ್ತಿತ್ತು.”

ಗಾಡಿ ಬಂತು. ಹತ್ತಿ, ಅವಳು ನಿಂತ ಬದಿ ಬಿಟ್ಟು ಆಚೆ ಬದಿಯ ಕಿಟಕಿಗೆ ಹೋಗಿ ಕೂತೆ.