ಟ್ಯಾರಗನ್ ಮೂಸುತ್ತಿದ್ದ ದಿನಗಳು

ಇವತ್ತು ಬೆಳಿಗ್ಗೆ ಬಟ್ಟೆ ಮಡಿಸುತ್ತ ಕೂತಿದ್ದೆ. ಪಕ್ಕದ ಮನೆಯಲ್ಲಿ ಕೊತ್ತಂಬರಿ ಬೀಜ ಹುರಿಯುವ ವಾಸನೆ ಕಿಟಕಿಯಿಂದ ಬಂತು. ‘ಸಾಕು, ಈಗ ಇಳಿಸಬೇಕು’ ಎಂದುಕೊಂಡೆ. ಮರುಕ್ಷಣವೇ ಅವರು ಬಾಣಲೆ ಇಳಿಸಿದ ಸದ್ದು ಕೇಳಿಸಿತು. ಇಷ್ಟಕ್ಕೆ ಸಂತೋಷಪಡುವ ಹೆಂಗಸು ಎಂಥವಳಿರಬೇಕು ಎಂದು ನಿಮಗೆ ಅನ್ನಿಸಬಹುದು. ಕೆಲವು ವರ್ಷಗಳ ಹಿಂದೆ ಈ ವಾಸನೆ ನನ್ನ ಪಾಲಿಗೆ ಹೋಗಿಯೇಬಿಟ್ಟಿತ್ತು. ಅದು ಹೋದದ್ದಕ್ಕಿಂತ, ವಾಪಸ್ ಬಂದದ್ದು ಗೊತ್ತಾಗದೆ ನಾನು ಕಳೆದ ದಿನಗಳ ಕಥೆ ಹೇಳಬೇಕು.

ಹಾಗೆ ಗೊತ್ತಾಗದೆ ಹೋದದ್ದಕ್ಕೆ ಕಾರಣ ಟ್ಯಾರಗನ್ ಎಂಬ ಗಿಡ. ನನ್ನ ತಂಗಿಯ ಮಗಳು ಕಾವ್ಯ ಮೈಸೂರಿನ ಹೋಟೆಲೊಂದರಲ್ಲಿ ಅಡುಗೆ ಕೆಲಸದಲ್ಲಿದ್ದಾಳೆ. ಒಮ್ಮೆ ಅವಳ ಮನೆಗೆ ಹೋದಾಗ ಆಲೂಗಡ್ಡೆ ಸೂಪಿನ ಮೇಲೆ ಸಣ್ಣ ಹಸಿರೆಲೆ ಹೆಚ್ಚಿಹಾಕಿ ಕೊಟ್ಟಳು. ಸೋಂಪಿನಂತೆ, ಆದರೆ ಸೋಂಪಲ್ಲ; ಬಾಯಿಗಿಟ್ಟರೆ ಮೂಗಿನವರೆಗೂ ತಂಪು. “ನಮ್ ದವನದ ಜಾತಿದೇ ದೊಡ್ಡಮ್ಮ” ಎಂದಳು. ನನಗೆ ಅದರ ಹುಚ್ಚು ಹಿಡಿಯಿತು. ನಮ್ಮೂರು ಮಧುಗಿರಿಗೆ ವಾಪಸ್ ಬಂದವಳೇ, ಅವಳನ್ನೂ ಒಂದು ಮಾತು ಕೇಳದೆ, ಫೋನಿನಲ್ಲೇ ಹುಡುಕಿ ಬೀಜ ತರಿಸಿದೆ. ಮಹಡಿಯ ಮೇಲೆ ತುಳಸಿ, ದೊಡ್ಡಪತ್ರೆ, ಪುದೀನ ಬೆಳೆಸಿದವಳಿಗೆ ಇದೊಂದು ಹೆಚ್ಚೇ ಎಂಬ ಜಂಬ. ದೀಪಾವಳಿ ಕಳೆದ ಮೇಲೆ ಬಿತ್ತಿದೆ. ಬೀಜ ಮೊಳೆತು ಗರಿಕೆಯಂಥ ಎಲೆ ಬಿಡುವ ಹೊತ್ತಿಗೆ ನನಗೂ ನಮ್ಮ ಯಜಮಾನರಿಗೂ ಜ್ವರ ಬಂತು.

ಜ್ವರ ಬಿಟ್ಟಿತು. ನನ್ನ ಮೂಗು ಮಾತ್ರ ಸತ್ತಂತಾಯಿತು. ಹೂವು, ಸೀಗೆಪುಡಿ, ಕಾಫಿ, ಯಾವುದೂ ಇಲ್ಲ. ನಮ್ಮ ಬೀದಿಯಲ್ಲಿ ಹೆಚ್ಚುಕಡಿಮೆ ಎಲ್ಲರ ಮನೆಗೂ ಸಾರಿನ ಪುಡಿ ಹೋಗುತ್ತಿದ್ದದ್ದು ನನ್ನ ಕೈಯಿಂದ. ನಾನು ಹದ ನೋಡುತ್ತಿದ್ದದ್ದು ಕಣ್ಣಿನಿಂದಲ್ಲ, ಮೂಗಿನಿಂದ. ಜ್ವರದ ನಂತರ ಮೊದಲ ಸಲ ಹುರಿಯಲು ಕೂತಾಗ ಹೊಗೆ ಕಂಡ ಮೇಲೆಯೇ ಕೊತ್ತಂಬರಿ ಬೀಜ ಸೀದದ್ದು ಗೊತ್ತಾಯಿತು. ಬಾಣಲೆ ತೊಳೆದಿಟ್ಟು, ಪುಡಿ ಕೇಳಿ ಬಂದವರಿಗೆಲ್ಲ ಕೈನೋವು ಎಂದೆ. ಕೈ ಚೆನ್ನಾಗಿಯೇ ಇತ್ತು. ಅಮ್ಮನಿಂದ ಬಂದ ಒಂದೇ ಒಂದು ವಿದ್ಯೆ ಮುಗಿಯಿತಲ್ಲ ಎಂದು ಒಳಗೊಳಗೇ ಅಳುತ್ತಿದ್ದೆ.

ಡಾಕ್ಟರು “ತಾನಾಗಿ ಬರುತ್ತಮ್ಮ, ಕಾಯಿರಿ” ಎಂದಿದ್ದರು. ಕಾದೆ. ಕೆಲವು ವಾರಗಳಾದ ಮೇಲೆ ಕಾಫಿ ಮೂಗಿನ ಹತ್ತಿರ ಹಿಡಿದರೆ ಏನೋ ಬಂದಂತಾಗುತ್ತಿತ್ತು. ಆದರೆ ಅದು ವಾಸನೆಯೋ ನೆನಪೋ? ಜೀವನವಿಡೀ ಕುಡಿದ ಕಾಫಿ. ಕಣ್ಣಿಗೆ ಕಂಡರೆ ಸಾಕು, ಮನಸ್ಸೇ ವಾಸನೆ ಹುಟ್ಟಿಸಿಬಿಡುತ್ತದೆ. ಆಗ ನನ್ನ ಬುದ್ಧಿ ಓಡಿದ್ದು ನೋಡಿ: ಟ್ಯಾರಗನ್ ಹೊಸ ವಾಸನೆ, ಅದರಲ್ಲಿ ಮನಸ್ಸಿನ ಮೋಸ ನಡೆಯುವುದಿಲ್ಲ. ಅದು ಘಮ್ಮೆಂದ ದಿನ ನನ್ನ ಮೂಗು ಬಂದಂತೆ.

ಗಿಡ ಸೊಂಪಾಗಿ ಬೆಳೆದಿತ್ತು. ದಿನಾ ಬೆಳಿಗ್ಗೆ ಮಹಡಿ ಹತ್ತಿ, ಒಂದೆಲೆ ಕಿತ್ತು, ಹೊಸಕಿ ಮೂಸುತ್ತಿದ್ದೆ. ಏನೂ ಇಲ್ಲ. ಒಮ್ಮೆ ಯಜಮಾನರ ಮುಂದೆ ಹಿಡಿದೆ.

“ಹೆಂಗಿದೆ ರೀ?”

ಅವರು ಕಣ್ಣು ಮುಚ್ಚಿ ದೀರ್ಘವಾಗಿ ಎಳೆದುಕೊಂಡು, “ಆಹಾ, ಘಮಘಮ ಅಂತೈತೆ ಕಣೆ” ಎಂದರು.

ಅಲ್ಲಿಗೆ ತೀರ್ಮಾನವಾಯಿತು. ಗಿಡ ಸರಿಯಾಗಿದೆ, ಕೆಟ್ಟಿರುವುದು ನಾನು.

ಶಿವರಾತ್ರಿಗೆ ಪಾವಗಡದಿಂದ ನಮ್ಮ ಅತ್ತಿಗೆ, ಯಜಮಾನರ ಅಕ್ಕ, ಬಂದರು. ಅವರದು ಅರ್ಧ ಕನ್ನಡ, ಅರ್ಧ ತೆಲುಗು. ಮುಚ್ಚುಮರೆ ಮಾತ್ರ ಎರಡರಲ್ಲೂ ಇಲ್ಲ. ಬಟ್ಟೆ ಒಣಹಾಕಲು ಮಹಡಿಗೆ ಬಂದವರು, ನಾನು ಕುಂಡದ ಮುಂದೆ ಕೂತು ಕಣ್ಣೊರೆಸಿಕೊಳ್ಳುವುದನ್ನು ನೋಡಿಬಿಟ್ಟರು. ಎಲ್ಲ ಹೇಳಿಕೊಂಡೆ. ಅವರು ಒಂದು ರೆಂಬೆಯನ್ನೇ ಮುರಿದು, ಅಂಗೈಯಲ್ಲಿ ಉಜ್ಜಿ ಮೂಸಿದರು. ಮತ್ತೆ ಮೂಸಿದರು.

“ಏಮಮ್ಮಾ, ಇದ್ರಾಗೆ ಏನೈತೆ ವಾಸ್ನೆ? ಹುಲ್ಲು ಇದು, ಬರೀ ಹುಲ್ಲು.”

“ಅವ್ರು ಘಮಘಮ ಅಂದ್ರಲ್ಲ ಅತ್ತಿಗೆ?”

“ಲೇ, ಬಾರೋ ಇಲ್ಲಿ” ಎಂದು ತಮ್ಮನನ್ನು ಮೇಲಕ್ಕೆ ಕೂಗಿದರು. “ನಿಜ ಹೇಳು. ಇದು ಘಮ ಅಂತೈತಾ?”

ಯಜಮಾನರು ಎಲೆ ನೋಡಿದರು, ನನ್ನನ್ನು ನೋಡಿದರು, ತಲೆ ತಗ್ಗಿಸಿದರು. “ಇಲ್ಲ ಕಣಕ್ಕ. ನಂಗೂ ಏನೂ ಬರ್ಲಿಲ್ಲ. ಜ್ವರದಾಗೆ ನನ್ ಮೂಗೂ ಅರ್ಧ ಹೋಗ್ಬುಡ್ತೇನೋ ಅಂದ್ಕಂಡೆ. ಇವ್ಳಿಗೆ ಹೇಳಿದ್ರೆ ಇನ್ನೂ ಹೆದರ್ತಾಳೆ ಅಂತ ಸುಮ್ಕಾದೆ.”

ನಾನು ಅವರ ಮುಖ ನೋಡಿದೆ. ಒಂದೇ ಮನೆಯಲ್ಲಿ, ಒಂದೇ ಎಲೆ ಮೂಸಿ, ಒಂದೇ ಹೆದರಿಕೆಯನ್ನು ಇಬ್ಬರೂ ಬಚ್ಚಿಟ್ಟುಕೊಂಡಿದ್ದೆವು. ನಗು ಬಂತೋ ಅಳು ಬಂತೋ ಈಗಲೂ ಹೇಳಲಾರೆ.

ಕಾವ್ಯಳಿಗೆ ಫೋನು ಮಾಡಿದೆವು. “ಬೀಜದಿಂದ ಬೆಳೆಸಿದ್ರಾ ದೊಡ್ಡಮ್ಮ?” ಎಂದು ನಕ್ಕಳು. “ನಾನು ಹಾಕಿದ್ದ ಜಾತಿ ಬೀಜನೇ ಕಟ್ಟಲ್ಲ, ಕಡ್ಡಿ ನೆಟ್ಟು ಬೆಳೆಸ್ಬೇಕು. ಬೀಜದಿಂದ ಬರೋದು ಅದರ ದಾಯಾದಿ, ಅದಕ್ಕೆ ವಾಸನೆ ಇದ್ದರೂ ಇಲ್ಲದಂಗೆ. ನನ್ನನ್ನೊಂದು ಮಾತು ಕೇಳಬಾರದಾ?”

ಅತ್ತಿಗೆ ಅಷ್ಟಕ್ಕೆ ಬಿಡಲಿಲ್ಲ. ನನ್ನನ್ನು ಅಡುಗೆಮನೆಗೆ ಕರೆದೊಯ್ದು, ಸ್ಟೌವಿಗೆ ಬೆನ್ನು ಮಾಡಿ ಕೂರಿಸಿ, ತಾವೇ ಬಾಣಲೆ ಇಟ್ಟರು. “ಯಾವಾಗ ಇಳಿಸ್ಬೇಕು ಹೇಳು. ತಿರುಗಿ ನೋಡ್ಬ್ಯಾಡ.” ಸೌಟಿನ ಸದ್ದು ಮಾತ್ರ. ಮೊದಲು ಏನೂ ಇಲ್ಲ. ಆಮೇಲೆ ಎಲ್ಲೋ ದೂರದಿಂದ, ಗೋಡೆಯ ಆಚೆಯಿಂದ ಬಂದಂತೆ, ತೆಳ್ಳಗೆ, ಬೆಚ್ಚಗೆ ಕೊತ್ತಂಬರಿ ಬಂತು. ಇನ್ನೂ ಸ್ವಲ್ಪ. ಇನ್ನೂ ಸ್ವಲ್ಪ.

“ಈಗ” ಎಂದೆ.

ಅತ್ತಿಗೆ ಬಾಣಲೆಯನ್ನು ನನ್ನ ಮುಂದೆ ತಂದಿಟ್ಟರು. ಹದವಾದ ಕಂದು. ಒಂದು ಕಾಳೂ ಕಪ್ಪಾಗಿರಲಿಲ್ಲ. “ಬಂದೈತೆ ಕಣಮ್ಮ, ಯಾವಾಗಿಂದ್ಲೋ ಬಂದೈತೆ. ಹುಲ್ಲು ಮೂಸ್ಕಂಡ್ ಕುಂತಿದ್ರೆ ಹೆಂಗ್ ಗೊತ್ತಾಗ್ತದೆ?” ನಾನು ಅವರ ಸೆರಗಿಗೆ ಮುಖವಿಟ್ಟು ಅತ್ತೆ. ಅದರಲ್ಲಿ ವಿಭೂತಿಯ ವಾಸನೆಯಿತ್ತು.

ಹಬ್ಬ ಮುಗಿಸಿ ಹೊರಟಾಗ ಅವರು ಆ ಗಿಡದ ಬುಡದಿಂದ ಒಂದು ಸಸಿ ಕಿತ್ತು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡರು. “ವಾಸ್ನೆ ಇಲ್ದಿದ್ರೆ ಬುಡು, ನಮ್ಮೂರ ಬಿಸಿಲಿಗೆ ಹಸಿರಾಗಿ ನಿಂತ್ರೆ ಸಾಲದಾ?”

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಅಭ್ಯಾಸ ಬದಲಾಗಿದೆ. ಮದುವೆಯಾದಾಗಿನಿಂದ ತಟ್ಟೆಗೆ ಬಿದ್ದದ್ದನ್ನೆಲ್ಲ ಚೆನ್ನಾಗಿದೆ ಎಂದೇ ಉಣ್ಣುತ್ತಿದ್ದ ಯಜಮಾನರು ಇವತ್ತು ಮಧ್ಯಾಹ್ನ ಮೊದಲ ತುತ್ತಿಗೇ, “ಸಾರಿಗೆ ಹುಳಿ ಮುಂದಾಗೈತೆ ಕಣೆ” ಎಂದರು. ರುಚಿ ನೋಡಿದೆ. ಹೌದು, ಮುಂದಾಗಿತ್ತು. ಒಂದು ಚೂರು ಬೆಲ್ಲ ಹಾಕಿ ಕುದಿಸಿ ತಂದು ಬಡಿಸಿದೆ. ಅವರು ಕಲಸಿ ಉಂಡು, “ಈಗ ಸರಿಯಾಯ್ತು” ಎಂದರು. ನಾನು ನಂಬಿದೆ.