ಮೂವರು ಕ್ಯಾಪ್ಟನ್‌ಗಳು ಮತ್ತು ಒಂದು ಬಿಳಿ ಪಂಚೆ

ಕಳೆದ ತಿಂಗಳು ಒಂದೇ ಮಧ್ಯಾಹ್ನ ನಾನು ಮೂವರಿಗೆ ಪ್ರಮೋಷನ್ ಕೊಟ್ಟೆ. ಒಬ್ಬರಿಗೆ ಭೂಸೇನೆಯಲ್ಲಿ, ಒಬ್ಬರಿಗೆ ನೌಕಾಪಡೆಯಲ್ಲಿ, ಇನ್ನೊಬ್ಬರಿಗೆ ವಾಯುಪಡೆಯಲ್ಲಿ. ಮೂವರೂ ಕ್ಯಾಪ್ಟನ್. ಆದೇಶ ಹೊರಬಿದ್ದದ್ದು ಕಳಸದ ಫ್ಲೆಕ್ಸ್ ಅಂಗಡಿಯಿಂದ. ಅಂಗಡಿಯವರು ಕೇಳಿದ್ದು ಒಂದೇ ಪ್ರಶ್ನೆ: "ಹಿಂದ್ಗಡೆ ಬಾವುಟ ಹಾರೋ ಹಂಗೆ ಹಾಕ್ಲಾ ಸಾರ್?"

ವಿಷಯ ಇಷ್ಟೇ. ಗಣರಾಜ್ಯೋತ್ಸವದ ದಿನ ಬಾಳೂರಿನಲ್ಲಿ, ರಜೆಗೆ ಊರಿಗೆ ಬಂದಿದ್ದ ಮೂವರು ಮಿಲಿಟರಿಯವರಿಗೆ ಸನ್ಮಾನ. ನಿರೂಪಣೆ ನನ್ನದು. (ಪತ್ರಿಕೆಗೆ ಬರೆಯುವವನಿಗೆ ಮೈಕಿನಲ್ಲಿ ಮಾತಾಡಲೂ ಬರುತ್ತದೆ ಎಂಬ ಮೂಢನಂಬಿಕೆ ನಮ್ಮ ಕಡೆ ಇನ್ನೂ ಹೋಗಿಲ್ಲ.) ಒಪ್ಪಿಕೊಂಡ ಗಳಿಗೆಯಿಂದ ನನಗೆ ಚಿಂತೆ ಶುರು. ಯಾರನ್ನು ಏನೆಂದು ಕರೆಯಬೇಕು? ಯಾರ ಹೆಸರು ಮೊದಲು? ಸೆಲ್ಯೂಟ್ ಹೊಡೆಯಬೇಕೆ? ಹೊಡೆದರೆ ಯಾವ ಕೈಯಲ್ಲಿ? ನಾನು ಎಡಚ ಬೇರೆ. ಮೂರು ದಿನ ಸರಿಯಾಗಿ ಊಟ ಸೇರಲಿಲ್ಲ.

ಕೈಗೆ ಸಿಕ್ಕ ಚೀಟಿಯಲ್ಲಿ ಹೀಗಿತ್ತು: ಹವಾಲ್ದಾರ್ ಚಂದ್ರಶೇಖರ್, ಪೆಟಿ ಆಫೀಸರ್ ಪ್ರಸನ್ನ, ಸಾರ್ಜೆಂಟ್ ನಾಗೇಶ್. ಕಾರ್ಯಕ್ರಮ ನಡೆಸುವ ಸಂಘದ ಅಧ್ಯಕ್ಷ ಸುರೇಂದ್ರಣ್ಣ ಅದನ್ನು ಓದಿ ಮುಖ ಸಿಂಡರಿಸಿದರು.

"ಎಂತ ಮಾರಾಯ ಇದು? ಸನ್ಮಾನಕ್ಕೆ ಕರ್ದು ಹವಾಲ್ದಾರ್ ಅನ್ನೋದಾ? ಸ್ಟೇಷನ್ನಿಂದ ಸಮನ್ಸ್ ಕೊಡೋಕೆ ಬಂದೋರು ಅಂದ್ಕೊಳ್ತಾರೆ."

"ಮತ್ತೆಂತ ಹಾಕೋದು?"

"ಕ್ಯಾಪ್ಟನ್ ಅಂತ ಹಾಕು. ನಮ್ಮ ಗಂಟೇನು ಹೋಗ್ತದೆ?"

"ಮೂರೂ ಜನಕ್ಕಾ?"

"ಒಬ್ರಿಗೆ ಹಾಕಿ ಇನ್ನೊಬ್ರಿಗೆ ಬಿಟ್ರೆ ಬೇಜಾರಾಗಲ್ವಾ?"

ಸರಿ ಎನಿಸಿತು. ಯಾಕೆನಿಸಬಾರದು? ನಮ್ಮ ಕಡೆ ಮರ್ಯಾದೆಯೆಂದರೆ ನಾಲ್ಕು ಮೆಟ್ಟಿಲು ಮೇಲೆ ಹತ್ತಿಸಿ ಕರೆಯುವುದು. ಕಾಂಪೌಂಡರು ಡಾಕ್ಟ್ರು. ರಸ್ತೆಗೆ ಜಲ್ಲಿ ಹಾಕಿಸುವವರು ಇಂಜಿನಿಯರು. ಹತ್ತೆಕರೆ ಕಾಫಿಯೂ ದೂಡಿದರೆ ಮಾತ್ರ ಹೊರಡುವ ಜೀಪೂ ಇರುವ ನಾನು ಪ್ಲಾಂಟರು. ಇದುವರೆಗೆ ಯಾರೂ ಇದನ್ನು ತಿದ್ದಿಲ್ಲ. (ನಾನಂತೂ ತಿದ್ದುವುದಿಲ್ಲ.)

ಸಮಾರಂಭದ ಹಿಂದಿನ ದಿನ ಕಣದಲ್ಲಿ ಕಾಫಿ ಒಣಗಿಸುತ್ತಿದ್ದೆವು. ಆಗ ಚಂದ್ರು ಬಂದರು. ಚೀಟಿಯಲ್ಲಿದ್ದ ಹವಾಲ್ದಾರ್ ಚಂದ್ರಶೇಖರ್ ಇವರೇ. ನಮ್ಮ ತೋಟದ ಆಳುಗಳ ಕೆಲಸ ನೋಡಿಕೊಳ್ಳುವ ಲಕ್ಷ್ಮಣ ಮೇಸ್ತ್ರಿಯ ಮಗ. (ಬರೆಯುವಾಗ 'ಬಂದರು' ಎಂದು ಬರುತ್ತಿದೆ. ಎದುರಿಗೆ ಹೇಳಿದ್ದು 'ಬಾರೋ ಚಂದ್ರು'. ಚಡ್ಡಿ ಹಾಕುತ್ತಿದ್ದಾಗಿನಿಂದ ಕಂಡವರು, ನಾಲಗೆ ಬೇರೆ ಹೊರಳಲಿಲ್ಲ.)

ಚಂದ್ರು ಮೊಬೈಲ್ ಮುಂದೆ ಹಿಡಿದರು. ಶಾಲೆಯ ಗೇಟಿಗೆ ಕಟ್ಟಿದ್ದ ಫ್ಲೆಕ್ಸಿನ ಫೋಟೋ.

"ಇದು ನೀವು ಬರೆಸಿದ್ದಂತೆ ಸಾರ್."

"ಹೌದು ಕಣೋ. ಹೆಂಗಿದೆ?"

"ತೆಗೆಸ್ಬೇಕು ಸಾರ್."

ತೀರಾ ಮೆತ್ತಗೆ ಹೇಳಿದರು. ಬೈದಿದ್ದರೆ ವಾಸಿಯಿತ್ತು.

"ನಾನು ಹವಾಲ್ದಾರ್. ನನ್ನ ಮೇಲೆ ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್. ಆಮೇಲೆ ಲೆಫ್ಟಿನೆಂಟ್. ಅದಾದ್ಮೇಲೆ ಕ್ಯಾಪ್ಟನ್. ಪ್ರಸನ್ನಂದು ಇನ್ನೂ ಜೋರು. ನೇವೀಲಿ ಕ್ಯಾಪ್ಟನ್ ಅಂದ್ರೆ ನಮ್ಮ ಕರ್ನಲ್‌ಗೆ ಸಮ."

"ನಾಗೇಶ?"

"ಏರ್‌ಫೋರ್ಸಲ್ಲಿ ಬರೀ ಕ್ಯಾಪ್ಟನ್ ಅನ್ನೋ ರ‍್ಯಾಂಕೇ ಇಲ್ಲ ಸಾರ್."

ಅಂದರೆ ನಾನು ಇಲ್ಲದ ಹುದ್ದೆಯನ್ನು ಸೃಷ್ಟಿಸಿ, ಅದೇ ದಿನ ಭರ್ತಿಯನ್ನೂ ಮಾಡಿದ್ದೆ. ಯಾವ ಸರ್ಕಾರಕ್ಕೆ ಸಾಧ್ಯ?

"ಹಂಗಾದ್ರೆ ನಿಮ್ಮ ಮೂರು ಜನದಲ್ಲಿ ದೊಡ್ಡೋರು ಯಾರು?"

"ಯಾರೂ ಇಲ್ಲ. ಹವಾಲ್ದಾರ್, ಪೆಟಿ ಆಫೀಸರ್, ಸಾರ್ಜೆಂಟ್, ಮೂರೂ ಸಮ. ಕರೆಯೋ ಹೆಸರು ಮಾತ್ರ ಬೇರೆ."

ಮೂರು ದಿನದ ಊಟ ಸುಮ್ಮನೆ ಬಿಟ್ಟೆನಲ್ಲ?

ಅಲ್ಲೇ ಒಣಗಲು ಹರಡಿದ್ದ ಕಾಫಿಯನ್ನು ಹಲಗೆಯಲ್ಲಿ ಎಳೆಯುತ್ತಿದ್ದ ಚಂದ್ರುವಿನ ಅಪ್ಪನ ಕಡೆ ತಿರುಗಿದೆ. "ನೀನೇನಂತೀಯ ಲಕ್ಷ್ಮಣ?"

ಲಕ್ಷ್ಮಣ ಮೇಸ್ತ್ರಿಗೆ ಫ್ಲೆಕ್ಸಿನ ಮೇಲೆ ಆಸೆ. "ಇರ್ಲಿ ಬಿಡೋ ಚಂದ್ರು, ಒಂದಿನಕ್ಕೆ ಎಂತ ಆಗ್ತದೆ? ಲೈನ್‌ಮನೆ ಆಳುಗಳೆಲ್ಲ ನೋಡಿ ಆಗಿದೆ. ನಿಮ್ಮವ್ವ ಅದರ ಎದುರು ನಿಂತು ಫೋಟೋ ತೆಗೆಸ್ಕೊಂಡಿದಾಳೆ."

"ನಮ್ಮ ಯೂನಿಟ್ಟೋರು ನೋಡಿದ್ರೆ ನಾನೇ ಹೇಳಿ ಹಾಕಿಸ್ಕೊಂಡೆ ಅಂತಾರೆ ಅಪ್ಪ. ಊರಿಗೆ ಹೋಗಿ ಸುಳ್ಳು ರ‍್ಯಾಂಕ್ ಹೇಳ್ಕೊಂಡು ಮೆರೆಯೋನು ಅಂತ ಹೆಸರು ಬಂದ್ರೆ ಅಲ್ಲಿಗೆ ಮುಗೀತು." ಚಂದ್ರು ತೋಳು ಮುಟ್ಟಿಕೊಂಡರು. "ಇಲ್ಲಿಗೆ ಮೂರು ಪಟ್ಟಿ ಬರೋಕೆ ಹದಿನೈದು ವರ್ಷ ಹಿಡೀತು. ನಮ್ಮೂರಲ್ಲಿ ಒಂದ್ಸಲನಾದ್ರೂ ಅದನ್ನ ಅದರ ಹೆಸರಲ್ಲಿ ಕರೆಯೋದು ಬೇಡ್ವಾ?"

ಮೇಸ್ತ್ರಿ ಮಗನ ತೋಳಿನ ಕಡೆ ನೋಡಿದರು. ಆಮೇಲೆ ಹಲಗೆ ಕೆಳಗಿಟ್ಟು ಗೋಡೌನಿಗೆ ಹೋದರು. ಬರುವಾಗ ಕೈಯಲ್ಲಿ ಕಾಫಿ ಚೀಲದ ಮೇಲೆ ಗುರುತು ಹಾಕುವ ಕಪ್ಪು ಶಾಯಿಯ ಡಬ್ಬಿ, ಬ್ರಶ್ಶು.

"ಒಂದು ಬಿಳಿ ಬಟ್ಟೆ ಕೊಡಿ ಅಯ್ಯ. ಹೊಸ ಫ್ಲೆಕ್ಸ್ ಎಲ್ಲಿ ಬರ್ತದೆ ನಾಳೆ ಬೆಳಿಗ್ಗೆಗೆ?"

ಮನೆಯಲ್ಲಿ ಸಿಕ್ಕಿದ್ದು ಮರುದಿನ ಉಡಲೆಂದು ಇಸ್ತ್ರಿ ಮಾಡಿಸಿಟ್ಟಿದ್ದ ನನ್ನ ಪಂಚೆ. ಫ್ಲೆಕ್ಸಿನ ಮೂರು 'ಕ್ಯಾಪ್ಟನ್'ಗಳ ಮೇಲೆ ಅಂಟಿಸಲು ಅದನ್ನೇ ಹರಿದು ಮೂರು ಪಟ್ಟಿ ಮಾಡಿದೆವು. ಅಪ್ಪ ಕಣದಲ್ಲಿ ಮಂಡಿಯೂರಿ ಕೂತು, "ಹೇಳು, ಎಂತ ಬರೀಲಿ?" ಎಂದು ಮಗನನ್ನು ಕೇಳಿ ಕೇಳಿ ಬರೆದರು. ಚೀಲದ ಮೇಲೆ ಬರೆದು ಪಳಗಿದ ಕೈ. 'ಹವಾಲ್ದಾರ್' ಎಂಬ ನಾಲ್ಕು ಅಕ್ಷರ ಬಸ್ಸಿನಲ್ಲಿ ಹೋಗುವವರಿಗೂ ಕಾಣುವಷ್ಟು ದಪ್ಪಗೆ ಬಂದವು. ಶಾಯಿ ಒಣಗುವ ತನಕ ನನಗೆ ಪಾಠ ನಡೆಯಿತು.

"ಮೂರೂ ಜನಕ್ಕೆ ಜವಾನ್ ಅನ್ಬೇಡಿ ಸಾರ್. ನಾನು ಜವಾನ್, ಪ್ರಸನ್ನ ನಾವಿಕ, ನಾಗೇಶ ವಾಯುಯೋಧ. ರ‍್ಯಾಂಕ್ ಮೊದಲು, ಹೆಸರು ಆಮೇಲೆ."

"ಸೆಲ್ಯೂಟ್?"

"ದಯವಿಟ್ಟು ಬೇಡ. ಕೈ ಮುಗೀರಿ, ಸಾಕು."

ಮರುದಿನ ಪ್ಯಾಂಟ್ ತೊಟ್ಟು ಮೈಕ್ ಹಿಡಿದೆ. "ಹವಾಲ್ದಾರ್ ಚಂದ್ರಶೇಖರ್ ಅವರು" ಎಂದೆ. ಕಾಫಿ ಕೊಯ್ಲು ಬಿಟ್ಟು ಬಂದವರೆಲ್ಲ ಚಪ್ಪಾಳೆ ತಟ್ಟಿದರು. ಯಾರೂ ಸಮನ್ಸ್ ಎಂದುಕೊಳ್ಳಲಿಲ್ಲ. ಕೊನೆಯ ಸಾಲಿನಲ್ಲಿದ್ದ ಲಕ್ಷ್ಮಣ ಮೇಸ್ತ್ರಿ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಎರಡೂ ಕೈ ಇಳಿಬಿಟ್ಟು, ಎದೆ ಮುಂದೆ ಮಾಡಿ, ಥೇಟ್ ಮಗನ ಹಾಗೆ ಅಟೆನ್ಷನ್ನಿನಲ್ಲಿ ನಿಂತಿದ್ದರು. ಅವರ ಕೈಬೆರಳಿನಲ್ಲಿ ಶಾಯಿ ಇನ್ನೂ ಇತ್ತು.

ಪೆಟಿ ಆಫೀಸರ್ ಪ್ರಸನ್ನ ಶಾಲು ಹೊದೆಸಿಕೊಂಡು ಹೋಗುವಾಗ ನನ್ನ ಕಿವಿಯಲ್ಲಿ ಹೇಳಿದರು: "ನಿನ್ನೆ ಕ್ಯಾಪ್ಟನ್ ಮಾಡಿದಾಗ ಹಂಗೇ ಒಂದು ಹಡಗೂ ಕೊಟ್ಟಿದ್ರೆ ಲಾಯ್ಕಿತ್ತು ಸಾರ್."

ಆ ಖುಷಿ ನನಗೆ ತಲೆಗೇರಿತು ಎನ್ನಬೇಕು. ಮಾರನೇ ದಿನ ಬೆಳಿಗ್ಗೆ ಕಣಕ್ಕೆ ಹೋದವನು, ನನಗಿಂತ ಹತ್ತು ವರ್ಷ ದೊಡ್ಡವರಾದ, ಮೂವತ್ತು ವರ್ಷದಿಂದ ನಮ್ಮ ತೋಟ ನೋಡಿಕೊಂಡ ಆ ಮನುಷ್ಯನನ್ನು ಕರೆದೆ.

"ಲಕ್ಷ್ಮಣ ಮೇಸ್ತ್ರಿಗಳೇ, ಸ್ವಲ್ಪ ಇಲ್ಲಿ ಬನ್ನಿ."

ಅವರ ಮುಖ ಬಿಳುಚಿಕೊಂಡಿತು. ಹಲಗೆ ಕೆಳಗಿಟ್ಟು ಓಡಿಬಂದರು.

"ಎಂತಾಯ್ತು ಅಯ್ಯ? ನನ್ನಿಂದ ಏನಾದ್ರೂ ತಪ್ಪಾಯ್ತಾ?"

ಮೂವತ್ತು ವರ್ಷದಲ್ಲಿ ಮೊದಲ ಸಲ ಮರ್ಯಾದೆ ಕೊಟ್ಟಿದ್ದಕ್ಕೆ ಒಬ್ಬ ಮನುಷ್ಯ ಹೆದರಿಕೊಂಡರೆ, ತಪ್ಪಾದದ್ದು ಯಾರಿಂದ?