ಬೆಳ್ಳಮ್ಮನ ಒಸಡು

ಚನ್ನರಾಯಪಟ್ಟಣದ ಫ್ಲೆಕ್ಸ್ ಅಂಗಡಿಯ ಪ್ರಸನ್ನಕುಮಾರ ಹಲ್ಲಿನ ಡಾಕ್ಟರಿಕೆ ಓದಿದವನಲ್ಲ. ಆದರೂ ತಾಲ್ಲೂಕಿನ ಅರ್ಧ ಜನರ ಒಸಡು ಸರಿಮಾಡಿದವನು ಅವನೇ. ಹುಟ್ಟುಹಬ್ಬದ ಫ್ಲೆಕ್ಸಿಗೆ ಬಂದ ಪುಢಾರಿಗಳ ಫೋಟೊದಲ್ಲಿ ಮೇಲ್ತುಟಿಯನ್ನು ಮೌಸಿನಿಂದ ಒಂದಿಷ್ಟು ಕೆಳಗೆಳೆದರೆ ಸಾಕು, ಒಸಡು ಮಾಯ. ಎರಡು ನಿಮಿಷದ ಕೆಲಸ. ನೋವಿಲ್ಲ, ರಕ್ತವಿಲ್ಲ.

ಅವನ ನಗುವಿಗೆ ಮಾತ್ರ ಮೌಸಿನ ಆಟ ನಡೆಯಲಿಲ್ಲ. ನಕ್ಕರೆ ಹಲ್ಲಿಗಿಂತ ಒಸಡೇ ಮುಂದೆ ಬರುತ್ತಿತ್ತು. ಅವ್ವ ಬೆಳ್ಳಮ್ಮನಿಂದ ಬಂದ ಆಸ್ತಿ ಅದು, ಪಾಲು ಕೇಳುವವರಿಲ್ಲದ್ದು. ದಪ್ಪ ಮೀಸೆ ಬಿಟ್ಟ, ನಗು ಬಂದಾಗೆಲ್ಲ ಬಾಯಿಗೆ ಕೈ ಅಡ್ಡ ಇಟ್ಟ. ಕೊನೆಗೆ ನಲವತ್ತನೇ ವಯಸ್ಸಿಗೆ ಹಾಸನದ ಡಾಕ್ಟರಮ್ಮನ ಮುಂದೆ ಬಾಯಿ ತೆರೆದ.

“ಒಸಡು ಕತ್ತರಿಸಿದ್ರೆ ಸಾಲದು, ನಿಮ್ಮ ಮೇಲ್ದವಡೆಯೇ ಉದ್ದ,” ಎಂದರು ಆಕೆ. “ತುಟಿಗೆ ಇಂಜೆಕ್ಷನ್ ಕೊಟ್ರೆ ನಾಲ್ಕು ತಿಂಗಳು ಅಷ್ಟೇ. ಕ್ಲಿಪ್ ಹಾಕಿ ಹಲ್ಲು ಸಾಲುಮಾಡಿ, ಆಮೇಲೆ ದವಡೆ ಕೊಯ್ದು ಮೇಲಕ್ಕೆ ಕೂರಿಸ್ಬೇಕು. ಎರಡು ವರ್ಷ.”

ಎರಡು ನಿಮಿಷದ ಕೆಲಸಕ್ಕೆ ಎರಡು ವರ್ಷ! ವೃತ್ತಿಯಲ್ಲಿ ತಾನೇ ಮುಂದೆ ಎಂದು ಪ್ರಸನ್ನಕುಮಾರನಿಗೆ ಒಳಗೊಳಗೇ ಹೆಮ್ಮೆಯಾಯಿತು. ಆದರೂ ಒಪ್ಪಿ, ಕ್ಲಿಪ್ ಹಾಕಿಸಲು ತಿಂಗಳ ಕೊನೆಯ ಸೋಮವಾರ ಗೊತ್ತುಮಾಡಿಕೊಂಡು ಬಂದ.

ಆ ವಾರವೇ ಬೆಳ್ಳಮ್ಮ ತೀರಿಕೊಂಡಳು. ಶಾಸ್ತ್ರಕ್ಕೆಂದು ಮೀಸೆ ಬೋಳಿಸಿದರು. ಇನ್ನು ಕೈಯೊಂದೇ ಅವನಿಗೆ ಆಸರೆ. ಹನ್ನೊಂದನೆಯ ದಿನದ ತಿಥಿ ಅವನ ಹೊಸ ಮನೆಯಲ್ಲಿ. ನೆಂಟರಿಗೆ ದಾರಿ ತಿಳಿಯಲೆಂದು ತಿರುವಿನಲ್ಲಿ ಅವ್ವನ ದೊಡ್ಡ ಫ್ಲೆಕ್ಸ್ ಕಟ್ಟಿಸಿದ. ಅದಕ್ಕೂ ಮುಂಚೆ ಅವಳ ನಗುವನ್ನೂ ಸರಿಮಾಡಿದ. ಮಗನಾದವನು ಅಷ್ಟೂ ಮಾಡದಿದ್ದರೆ ಹೇಗೆ?

ಮಲ್ಲಿಪಟ್ಟಣದಿಂದ ಟೆಂಪೊ ಮಾಡಿಕೊಂಡು ಬಂದ ಸೋದರಮಾವ ಲಕ್ಕಣ್ಣ ಆ ತಿರುವನ್ನು ಎರಡು ಸಲ ದಾಟಿ ಹೋಗಿ, ಕೊನೆಗೆ ಫೋನ್ ಮಾಡಿದ.

“ಫ್ಲೆಕ್ಸ್ ಐತಲ್ಲ ಮಾವ, ಅಲ್ಲೇ ತಿರುಗ್ಸಿ,” ಎಂದ ಪ್ರಸನ್ನಕುಮಾರ.

“ಫ್ಲೆಕ್ಸ್ ಐತೆ ಕಣ್ಲಾ. ಯಾರೋ ಎಂಗ್ಸು ಅವ್ಳೆ. ನಮ್ಮಕ್ಕ ಎಲ್ಲವ್ಳೆ?”

ಪ್ರಸನ್ನಕುಮಾರ ಸ್ಕೂಟರ್ ಹತ್ತಿ ತಿರುವಿಗೆ ಧಾವಿಸಿದ. ಮುದುಕ ಫ್ಲೆಕ್ಸಿನ ಕೆಳಗೆ ಟವೆಲಿನಿಂದ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದ. ಮೇಲಿದ್ದವಳು ಅಚ್ಚುಕಟ್ಟಾಗಿ ನಗುತ್ತಿದ್ದಳು. ಅಲ್ಲಿ ನಿಂತು ನೋಡಿದರೆ ಮಗನಿಗೂ ಅವಳ ಗುರುತು ಹತ್ತಲಿಲ್ಲ. ಕೈ ತಾನಾಗಿ ಬಾಯಿಗೆ ಹೋಯಿತು.

“ಆಗಿದ್ದಾಯ್ತು,” ಎಂದ ಲಕ್ಕಣ್ಣ. “ಕೈ ತೆಗುದು ಒಸಿ ನಗ್ಲಾ. ಅವಳ್ನ ನೋಡ್ಬೇಕು.”

ಪ್ರಸನ್ನಕುಮಾರ ಕೈ ತೆಗೆದ. ನಗು ಬರಲಿಲ್ಲ, ಅಳು ಬಂತು. ಒಸಡು ಮಾತ್ರ ಪೂರ್ತಿ ಕಂಡಿತು.

“ಬಂದ್ಳು ನೋಡು,” ಎಂದ ಲಕ್ಕಣ್ಣ.

ಕ್ಲಿಪ್ ಹಾಕಿಸಬೇಕಿದ್ದ ಸೋಮವಾರ ಪ್ರಸನ್ನಕುಮಾರ ಹಾಸನಕ್ಕೆ ಹೋಗಲಿಲ್ಲ. ಮೀಸೆಯನ್ನೂ ಮತ್ತೆ ಬಿಡಲಿಲ್ಲ.